ಹಳೆಯ ಮಾರುತಿ 800ಕ್ಕೆ ಪ್ಲಗ್ ಮತ್ತು ಪ್ಲಗ್ ವೈರ್: ಆರಿಸುವುದು, ಬದಲಾಯಿಸುವುದು

ಕಾರ್ಬುರೇಟರ್ ಇರುವ ಮಾರುತಿ 800 ಎಳೆಯದೆ ಕೆಮ್ಮತೊಡಗಿದರೆ ಹೆಚ್ಚಿನವರು ಮಾಡುವುದು ಒಂದೇ: ಮೂರು ಹೊಸ ಸ್ಪಾರ್ಕ್ ಪ್ಲಗ್ (ಸಿಲಿಂಡರಿಗೊಂದು) ಹಾಕಿಸುವುದು. ಒಂದೆರಡು ವಾರ ಚೆನ್ನಾಗಿ ಓಡುತ್ತದೆ, ಮತ್ತೆ ಅದೇ ಕೆಮ್ಮು. ಕಾರಣ ಬಹುಪಾಲು ವೈರ್‌ನಲ್ಲೇ ಇರುತ್ತದೆ. ಪ್ಲಗ್ ಸವೆದಂತೆ ಅದರ ಗ್ಯಾಪ್, ಅಂದರೆ ಕಿಡಿ ಹಾರುವ ಸಂದು, ಅಗಲವಾಗುತ್ತದೆ. ಗ್ಯಾಪ್ ಅಗಲವಾದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ವೈರ್‌ನ ರಬ್ಬರ್ ಎಲ್ಲಿ ಸೋತಿದೆಯೋ ಅಲ್ಲಿಂದ ಎಂಜಿನ್‌ನ ಲೋಹದ ಮೈಗೆ ಹಾರುತ್ತದೆ. ಒಮ್ಮೆ ಹಾರಿದ ಜಾಗದಲ್ಲಿ ಇಂಗಾಲದ ಗೆರೆ ಮೂಡುತ್ತದೆ, ಆಮೇಲೆ ಕರೆಂಟಿಗೆ ಅದೇ ಸುಲಭದ ದಾರಿ. ಆದ್ದರಿಂದ ಪ್ಲಗ್, ವೈರ್, ಕರೆಂಟನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್, ಅದರೊಳಗೆ ತಿರುಗುವ ರೋಟರ್ ನಾಲ್ಕನ್ನೂ ಒಟ್ಟಿಗೆ ನೋಡಬೇಕು.

ಪ್ಲಗ್ ಆರಿಸುವಾಗ

ಪ್ಲಗ್ ಮೇಲಿನ ನಂಬರ್ ಓದಲು ಬಂದರೆ ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತರಬೇಕಿಲ್ಲ. ಎನ್‌ಜಿಕೆಯ ಬಿಪಿಆರ್5ಇಎಸ್ ತೆಗೆದುಕೊಳ್ಳಿ. ಬಿ ಅಂದರೆ 14 ಮಿ.ಮೀ. ಥ್ರೆಡ್ ಮತ್ತು 20.8 ಮಿ.ಮೀ. ಹೆಕ್ಸ್. ಪಿ ಅಂದರೆ ಮೂತಿ ಮುಂದೆ ಚಾಚಿರುವ ಪಿಂಗಾಣಿ. ಆರ್ ಅಂದರೆ ಒಳಗೆ ರೆಸಿಸ್ಟರ್, ಸುಮಾರು 5 ಕಿಲೋ ಓಮ್. 5 ಹೀಟ್ ರೇಂಜ್, ಅಂದರೆ ಪ್ಲಗ್ ತನ್ನ ಮೂತಿಯ ಬಿಸಿಯನ್ನು ಎಷ್ಟು ಬೇಗ ಹೊರಹಾಕುತ್ತದೆ ಎಂಬುದರ ಅಂಕಿ. ಇ ಅಂದರೆ 19 ಮಿ.ಮೀ. ಉದ್ದದ ಥ್ರೆಡ್. ಎಡವುವುದು ಹೀಟ್ ರೇಂಜ್‌ನಲ್ಲಿ. ಎನ್‌ಜಿಕೆ ಮತ್ತು ಡೆನ್ಸೊದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್ ಮತ್ತು ಚಾಂಪಿಯನ್‌ನಲ್ಲಿ ನೇರ ಉಲ್ಟಾ, ದೊಡ್ಡ ಅಂಕಿ ಅಂದರೆ ಬಿಸಿ ಪ್ಲಗ್. ಎನ್‌ಜಿಕೆಯ 5, ಡೆನ್ಸೊದ 16, ಬಾಷ್‌ನ 8 ಹೆಚ್ಚುಕಡಿಮೆ ಒಂದೇ ಮಟ್ಟದವು. ನಿಮ್ಮ ಗಾಡಿಗೆ ಯಾವುದು ಎಂಬುದಕ್ಕೆ ಕೈಪಿಡಿಯ ಮಾತೇ ಅಂತಿಮ. ಪೇಟೆಯೊಳಗೆ ನಿಧಾನ ಓಡುವ ಗಾಡಿಗೆ ತೀರಾ ತಣ್ಣಗಿನ ಪ್ಲಗ್ ಹಾಕಿದರೆ ಮಸಿ ಕಟ್ಟುತ್ತದೆ. ತೀರಾ ಬಿಸಿಯದು ಹಾಕಿ ಘಾಟಿ ಹತ್ತಿಸಿದರೆ ಕಿಡಿಗೂ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್‌ಗೆ ಕುತ್ತು.

ಥ್ರೆಡ್ ಉದ್ದ ತಪ್ಪಿದರೆ ಇನ್ನೂ ಕೆಟ್ಟದ್ದು. ಗಿಡ್ಡದಾದರೆ ಸಿಲಿಂಡರ್ ಹೆಡ್‌ನ (ಪ್ಲಗ್ ಕೂರುವ, ಎಂಜಿನ್‌ನ ಮೇಲ್ಭಾಗ) ಖಾಲಿ ಉಳಿದ ಥ್ರೆಡ್‌ನಲ್ಲಿ ಕಾರ್ಬನ್ ತುಂಬಿಕೊಳ್ಳುತ್ತದೆ, ಮುಂದೆ ಸರಿಯಾದ ಪ್ಲಗ್ ಹಾಕಹೋದಾಗ ಥ್ರೆಡ್ ಕಿತ್ತುಬರುತ್ತದೆ. ಉದ್ದವಾದರೆ ಪಿಸ್ಟನ್ ಅಥವಾ ವಾಲ್ವ್‌ಗೆ ಬಡಿಯಬಹುದು.

ಇರಿಡಿಯಂ ಬೇಕೇ? ಬೇಡ. ಕಾರ್ಬುರೇಟರ್ ಸ್ವಲ್ಪ ರಿಚ್ ಆದರೂ, ಅಂದರೆ ಪೆಟ್ರೋಲ್ ಪಾಲು ಹೆಚ್ಚಾದರೂ, ಎಲ್ಲ ಪ್ಲಗ್‌ಗಳಿಗೂ ಮಸಿ ಹಿಡಿಯುತ್ತದೆ, ಇರಿಡಿಯಂ ಅದಕ್ಕೆ ಹೊರತಲ್ಲ. ಮಾಮೂಲಿ ನಿಕಲ್ ಪ್ಲಗ್ ಹಾಕಿ 15,000ದಿಂದ 20,000 ಕಿ.ಮೀ.ಗೊಮ್ಮೆ ಬದಲಾಯಿಸುವುದೇ ಲಾಭ. ಆಡುಗೋಡಿಯ ಮೈಕೋ ಕಂಪನಿ 2008ರಲ್ಲಿ ಬಾಷ್ ಆಯಿತಾದರೂ ಬೆಂಗಳೂರಿನ ಹಳೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಇವತ್ತಿಗೂ ‘ಮೈಕೋ ಪ್ಲಗ್ಗೇ’, ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಹಾಗೆ ಕೇಳಿದರೂ ಅರ್ಥವಾಗುತ್ತದೆ. ನಕಲಿ ಮಾಲು ಎಲ್ಲ ಬ್ರ್ಯಾಂಡ್‌ನಲ್ಲೂ ಇದೆ. ವಾಷರ್ ಬೆರಳಿಗೆ ಕಳಚಿ ಬಂದರೆ, ಥ್ರೆಡ್ ಒರಟಾಗಿದ್ದರೆ, ನಡುವಿನ ಎಲೆಕ್ಟ್ರೋಡ್ ಒಂದು ಬದಿಗೆ ವಾಲಿದ್ದರೆ ವಾಪಸ್ ಕೊಡಿ.

ವೈರ್

ಸೆಟ್‌ನಲ್ಲಿ ನಾಲ್ಕು ಇರಬೇಕು: ಪ್ಲಗ್‌ಗಳಿಗೆ ಮೂರು, ಕಿಡಿಯ ವೋಲ್ಟೇಜ್ ಹುಟ್ಟಿಸುವ ಕಾಯಿಲ್‌ನಿಂದ ಕ್ಯಾಪ್‌ನ ನಡುವಿನ ತೂತಿಗೆ ಒಂದು. ಹಣ ಉಳಿಸಲು ಈ ಕಾಯಿಲ್ ವೈರ್ ಬಿಟ್ಟುಬಿಡುವವರಿದ್ದಾರೆ. ಮೂರೂ ಸಿಲಿಂಡರ್‌ನ ಕರೆಂಟು ಹೋಗುವುದು ಅದರಲ್ಲೇ. ಕಾರ್ಬನ್ ಕೋರ್ ಇರುವ, ಸಿಲಿಕೋನ್ ಹೊದಿಕೆಯ ವೈರ್ ತನ್ನಿ. ಬರಿ ತಾಮ್ರದ ಎಳೆಯ ವೈರ್‌ನಲ್ಲಿ ಕಿಡಿ ಜೋರಾಗಿರುತ್ತದೆ ಎನ್ನುತ್ತಾರೆ, ಆದರೆ ರೆಸಿಸ್ಟೆನ್ಸ್ ಇಲ್ಲದ್ದರಿಂದ ರೇಡಿಯೊ ಕಿರುಗುಟ್ಟುತ್ತದೆ, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಅದನ್ನು ನಡೆಸುವ ಮಾಡ್ಯೂಲ್‌ಗೂ ತೊಂದರೆ.

ಹಳೆಯದನ್ನು ಬಿಸಾಡುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಕಾರ್ಬನ್ ಕೋರ್ ವೈರ್ ಮೀಟರ್ ಉದ್ದಕ್ಕೆ ಸುಮಾರು 10ರಿಂದ 22 ಕಿಲೋ ಓಮ್ ತೋರಿಸಬೇಕು. ಅರ್ಧ ಮೀಟರ್ ವೈರ್ 30 ಕಿಲೋ ಓಮ್ ತೋರಿಸಿದರೆ, ಬಗ್ಗಿಸಿದಾಗ ಅಂಕಿ ಕುಣಿದರೆ ಅದರ ಕಾಲ ಮುಗಿದಿದೆ. ಮೀಟರ್ ಹೇಳದ ಸಂಗತಿಯೂ ಇದೆ: ಒಳಗಿನ ಎಳೆ ಸರಿಯಿದ್ದು ಹೊರಗಿನ ರಬ್ಬರ್ ಬಿರುಕು ಬಿಟ್ಟಿರುವುದು. ಅದಕ್ಕೆ ಕತ್ತಲಲ್ಲಿ ಎಂಜಿನ್ ಓಡಿಸಿ ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಯಿಸಿ, ಕೈ ದೂರವಿರಲಿ. ಸೋರುವಲ್ಲಿ ನೀಲಿ ಕಿಡಿ ‘ಚಿಟಚಿಟ’ ಎನ್ನುತ್ತದೆ. ಮಲೆನಾಡು, ಕರಾವಳಿಯಲ್ಲಿ ಆಷಾಢದ ಬೆಳಿಗ್ಗೆ ಸ್ಟಾರ್ಟ್ ಆಗದೆ ಮಧ್ಯಾಹ್ನ ಸರಾಗವಾಗಿ ಸ್ಟಾರ್ಟ್ ಆಗುವ ಗಾಡಿಗಳ ರೋಗ ಹೆಚ್ಚಾಗಿ ಇದೇ, ಇಲ್ಲವೇ ಕ್ಯಾಪ್ ಒಳಗಿನ ತೇವ.

ಬಿಚ್ಚುವುದು

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಹೆಡ್ ಅಲ್ಯೂಮಿನಿಯಂ, ಬಿಸಿಯಿದ್ದಾಗ ಪ್ಲಗ್ ತಿರುಗಿಸಿದರೆ ಥ್ರೆಡ್ ಅದರ ಜೊತೆಗೇ ಬರಬಹುದು. ಬೇಕಾದ ಸಾಮಾನು: ಒಳಗೆ ರಬ್ಬರ್ ಇರುವ 21 ಮಿ.ಮೀ. ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಸೈಕಲ್ ಪಂಪ್, ಟೇಪು.

ಟೈಮಿಂಗ್ ಬೆಲ್ಟ್ ಕಡೆಯದು 1ನೇ ಸಿಲಿಂಡರ್. ವೈರ್‌ಗಳಿಗೆ 1, 2, 3 ಎಂದು ಟೇಪು ಅಂಟಿಸಿ, ಒಂದು ವೈರ್ ಮತ್ತು ಒಂದು ಪ್ಲಗ್ ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಗಿ. ವೈರ್ ಹಿಡಿದು ಎಳೆಯಬೇಡಿ. ರಬ್ಬರ್ ಬೂಟನ್ನು ಅರ್ಧ ಸುತ್ತು ಅತ್ತಿತ್ತ ತಿರುಗಿಸಿ ಸಡಿಲಿಸಿ, ಬೂಟನ್ನೇ ಹಿಡಿದು ಕೀಳಿ. ಆಮೇಲೆ ಪಂಪ್‌ನಿಂದ ಪ್ಲಗ್ ಸುತ್ತಲಿನ ಧೂಳು ಊದಿ ತೆಗೆಯಿರಿ, ಇಲ್ಲದಿದ್ದರೆ ಪ್ಲಗ್ ಬಂದ ತಕ್ಷಣ ಮರಳೆಲ್ಲ ಸಿಲಿಂಡರ್ ಪಾಲು. ಪ್ಲಗ್ ಬಿಗಿಯಾಗಿದ್ದರೆ ಕಾಲು ಸುತ್ತು ಸಡಿಲಿಸಿ, ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹದಿನೈದು ನಿಮಿಷ ಕಾಯಿರಿ, ನಂತರ ಮುಂದೆ ಹಿಂದೆ ತಿರುಗಿಸುತ್ತ ಹೊರತನ್ನಿ.

ಬಂದ ಪ್ಲಗ್‌ಗಳನ್ನು ಕ್ರಮವಾಗಿ ಜೋಡಿಸಿಟ್ಟು ಮೂತಿ ನೋಡಿ. ತಿಳಿ ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಅಥವಾ ಚೋಕ್ ಪೂರ್ತಿ ತೆರೆಯುತ್ತಿಲ್ಲ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಥವಾ ಟೈಮಿಂಗ್ ಮುಂದಿದೆ, ಅಂದರೆ ಕಿಡಿ ಬೇಗ ಹಾರುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ವಾಲ್ವ್ ಸೀಲ್ ಅಥವಾ ರಿಂಗ್ ಸವೆದಿದೆ. ಹೊಸ ಪ್ಲಗ್ ಇದನ್ನು ವಾಸಿಮಾಡದು. ಮೂರರಲ್ಲಿ ಒಂದು ಮಾತ್ರ ಪೆಟ್ರೋಲ್‌ನಿಂದ ತೊಯ್ದಿದ್ದರೆ ಆ ಸಿಲಿಂಡರ್‌ಗೆ ಕಿಡಿಯೇ ತಲುಪಿಲ್ಲ, ಅದರ ವೈರ್ ಮೇಲೆ ಮೊದಲ ಅನುಮಾನ.

ಹಾಕುವುದು

ಪೆಟ್ಟಿಗೆಯಿಂದ ಬಂದ ಪ್ಲಗ್‌ನ ಗ್ಯಾಪ್ ಸರಿಯಿರುತ್ತದೆಂದು ನಂಬಬೇಡಿ. ಕಾರ್ಬುರೇಟರ್ 800ಕ್ಕೆ 0.7ರಿಂದ 0.8 ಮಿ.ಮೀ.; ಕೈಪಿಡಿ ಬೇರೆ ಹೇಳಿದರೆ ಅದನ್ನೇ ಅನುಸರಿಸಿ. ಬಗ್ಗಿಸುವುದು ಹೊರಗಿನ ಕೊಕ್ಕೆಯನ್ನು ಮಾತ್ರ. ನಡುವಿನ ಎಲೆಕ್ಟ್ರೋಡ್ ಮೇಲೆ ಒತ್ತಿದರೆ ಪಿಂಗಾಣಿ ಸೀಳುತ್ತದೆ. ತುದಿಯಲ್ಲಿ ತಿರುಪಿನ ಟರ್ಮಿನಲ್ ನಟ್ ಇದ್ದರೆ ಇಕ್ಕಳದಿಂದ ಒಮ್ಮೆ ಬಿಗಿ ಮಾಡಿ. ಈ ಸಣ್ಣ ನಟ್ ಸಡಿಲವಿದ್ದರೆ ಹೊಸ ಪ್ಲಗ್, ಹೊಸ ವೈರ್ ಎರಡೂ ಇದ್ದು ಮಿಸ್ಸಿಂಗ್ (ಆಗಾಗ ಕಿಡಿ ತಪ್ಪುವುದು) ನಿಲ್ಲುವುದಿಲ್ಲ, ಯಾರಿಗೂ ಕಾರಣವೂ ಹೊಳೆಯುವುದಿಲ್ಲ.

ಪ್ಲಗ್‌ನ ತುದಿಗೆ ಬಿಗಿಯಾಗಿ ಕೂರುವ ಗೇಣುದ್ದದ ಪೆಟ್ರೋಲ್ ಪೈಪ್ ಸಿಕ್ಕಿಸಿ ಅದರಿಂದಲೇ ತಿರುಗಿಸಲು ಶುರುಮಾಡಿ. ಥ್ರೆಡ್ ಓರೆಯಾಗಿ ಹಿಡಿದರೆ ಪೈಪ್ ಜಾರುತ್ತದೆ, ಹೆಡ್ ಉಳಿಯುತ್ತದೆ. ಪೂರ್ತಿ ಕೂತ ಮೇಲಷ್ಟೇ ಸ್ಪ್ಯಾನರ್. ಟಾರ್ಕ್ ರೆಂಚ್ ಇದ್ದರೆ 25 ನ್ಯೂಟನ್ ಮೀಟರ್ ಆಸುಪಾಸು. ಇಲ್ಲದಿದ್ದರೆ ಹೊಸ ಪ್ಲಗ್‌ಗೆ ವಾಷರ್ ತಾಗಿದ ಬಳಿಕ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು. ಬಿಚ್ಚಿ ಮತ್ತೆ ಹಾಕಿದ ಪ್ಲಗ್‌ನ ವಾಷರ್ ಈಗಾಗಲೇ ಚಪ್ಪಟೆಯಾಗಿರುವುದರಿಂದ ಸುತ್ತಿನ ಹನ್ನೆರಡರಲ್ಲೊಂದು ಪಾಲು ಸಾಕು. ಥ್ರೆಡ್‌ಗೆ ಗ್ರೀಸ್ ಹಚ್ಚಬೇಡಿ, ಜಾರಿಕೆಯಿಂದ ಅಂದಾಜು ತಪ್ಪಿ ಅತಿ ಬಿಗಿಯಾಗುತ್ತದೆ.

ವೈರ್‌ಗಳನ್ನು ಹಳೆಯದರ ಉದ್ದಕ್ಕೇ ಹೊಂದಿಸಿ. ಬೂಟಿನ ಒಳಬಾಯಿಗೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದರೆ ನೀರು ಇಳಿಯದು, ಮುಂದಿನ ಸಲ ಸಲೀಸಾಗಿ ಬರುತ್ತದೆ. ಒತ್ತಿದಾಗ ‘ಟಿಕ್’ ಎಂದು ಕಚ್ಚಬೇಕು. ಸೈಲೆನ್ಸರ್ ಮ್ಯಾನಿಫೋಲ್ಡ್‌ಗೆ ತಾಗದಂತೆ ಕ್ಲಿಪ್‌ಗಳಲ್ಲಿ ಕೂರಿಸಿ. ಕ್ಯಾಪ್ ತೆರೆದಾಗ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ, ನಡುವಿನ ಕಾರ್ಬನ್ ಬಟನ್ ಸವೆದಿದ್ದರೆ ಉಜ್ಜಿ ಕೂರಬೇಡಿ, ಹೊಸದು ಹಾಕಿ.

ವೈರ್ ಅದಲುಬದಲಾದರೆ

ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-3-2. ಮೂರರಲ್ಲಿ ಎರಡು ಅದಲುಬದಲಾದರೆ ಒಂದೇ ಸಿಲಿಂಡರ್ ಸರಿಯಾಗಿ ಉರಿಯುತ್ತದೆ. ಕಾರ್ಬುರೇಟರ್‌ನಿಂದ ‘ಫಟ್’ ಎಂದು ಉಗುಳಬಹುದು. ಎಲ್ಲ ವೈರೂ ಒಟ್ಟಿಗೆ ಕಿತ್ತುಹೋಗಿದ್ದರೆ ಮೊದಲು ಕಾಯಿಲ್‌ಗೆ ಕರೆಂಟು ತರುವ ಸಣ್ಣ ವೈರ್ ಕಳಚಿ, ಕ್ಯಾಪ್ ತೆಗೆದು ಒಬ್ಬರಿಂದ ಸ್ವಲ್ಪ ಸೆಲ್ಫ್ ಹೊಡೆಸಿ ರೋಟರ್ ಯಾವ ಕಡೆಗೆ ತಿರುಗುತ್ತದೆಂದು ನೋಡಿಕೊಳ್ಳಿ. ಆಮೇಲೆ 1ನೇ ಪ್ಲಗ್ ತೆಗೆದು ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರ್‌ನಿಂದ ತಿರುಗಿಸಿ. ಗಾಳಿ ಹೆಬ್ಬೆರಳನ್ನು ತಳ್ಳತೊಡಗಿದಾಗ ಟೈಮಿಂಗ್ ಗುರುತಿಗೆ ತಂದು ನಿಲ್ಲಿಸಿ. ರೋಟರ್ ಮೂತಿ ತೋರಿಸುವ ತೂತು 1ನೆಯದು. ಅಲ್ಲಿಂದ ಅದು ತಿರುಗುವ ದಿಕ್ಕಿನಲ್ಲೇ 3, ಆಮೇಲೆ 2.

ಕಿಡಿ ಪರೀಕ್ಷಿಸುವಾಗ ವೈರನ್ನು ಗಾಳಿಯಲ್ಲಿ ತೂಗುಬಿಟ್ಟು ಸೆಲ್ಫ್ ಹೊಡೆಯಬೇಡಿ, ಕಾಯಿಲ್ ಮತ್ತು ಮಾಡ್ಯೂಲ್ ಸುಡುವುದು ಹೀಗೆಯೇ. ಬೇರೊಂದು ಪ್ಲಗ್ ಸಿಕ್ಕಿಸಿ ಅದರ ಲೋಹದ ಮೈಯನ್ನು ಎಂಜಿನ್‌ಗೆ ಕ್ಲಿಪ್‌ನಿಂದ ಹಿಡಿಸಿ, ಪ್ಲಗ್ ರಂಧ್ರದಿಂದ ಪೆಟ್ರೋಲ್ ಆವಿ ಬರುವ ಜಾಗದಿಂದ ದೂರವಿಡಿ. ನೀಲಿ, ಚುರುಕಿನ ಕಿಡಿ ಮೂರೂ ವೈರ್‌ನಲ್ಲಿ ಬಂದು, ಗಾಡಿ ಆದರೂ ಒಂದು ಸಿಲಿಂಡರ್‌ನಲ್ಲಿ ಸತ್ತಂತಿದ್ದರೆ ಇಗ್ನಿಷನ್ ಬಿಟ್ಟು ಕಂಪ್ರೆಷನ್ ಗೇಜ್ ತನ್ನಿ. ಮುಂದಿನ ಹುಡುಕಾಟ ವಾಲ್ವ್ ಕ್ಲಿಯರೆನ್ಸ್ ಮತ್ತು ಹೆಡ್ ಗ್ಯಾಸ್ಕೆಟ್‌ನದು.