ಹೆಸರು ಬಿಡಿ, ಮನೆ ಹೆಸರು ಹಿಡೀರಿ: ಕಾಸರಗೋಡಿನವರು ವಂಶವೃಕ್ಷ ಮಾಡುವಾಗ

ವಂಶವೃಕ್ಷ ಮಾಡ್ಬೇಕು ಅಂತ ಆಸೆ ಆದ ಕೂಡ್ಲೇ ಎಲ್ರೂ ಮೊಬೈಲಿಗೆ ಒಂದು ಆ್ಯಪ್ ಹಾಕ್ಕೊಂಡು ಹೆಸರು ತುಂಬಿಸ್ಲಿಕ್ಕೆ ಕೂತ್ಕೊಳ್ತಾರೆ. ಅದು ಆಮೇಲೆ ಮಾಡುವ. ಮೊದ್ಲು ಇನ್ನೂರು ಪೇಜಿನ ಒಂದು ಪುಸ್ತಕ ತಗೊಂಡು ಕುಟುಂಬದಲ್ಲಿ ಎಲ್ಲರಿಗಿಂತ ಹಿರಿಯರು ಯಾರಿದ್ದಾರೋ ಅವರ ಹತ್ರ ಹೋಗಿ, ಈ ವಾರವೇ ಹೋಗಿ, ಕಾಗದಪತ್ರ ಮುಂದಿನ ವರ್ಷವೂ ಇರ್ತದೆ, ಅವರ ನೆನಪು ಇರ್ತದೆ ಅಂತ ಹೇಳ್ಲಿಕ್ಕಾಗೋದಿಲ್ಲ.

ನಮ್ಮಲ್ಲಿ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ಕ್ರಮ ಉಂಟಲ್ಲ, ಹಾಗಾಗಿ ಸುಬ್ರಾಯ, ಕೃಷ್ಣ, ಮತ್ತೆ ಸುಬ್ರಾಯ, ಮತ್ತೆ ಕೃಷ್ಣ ಅಂತಲೇ ಹೋಗ್ತದೆ, ಅಣ್ಣತಮ್ಮಂದಿರ ಮೊಮ್ಮಕ್ಕಳಿಗೂ ಅದೇ ಹೆಸರು. ನಾನು ಒಂದೇ ಹೆಸರಿನ ಇಬ್ಬರನ್ನು ಒಬ್ಬರೇ ಅಂತ ತಿಳ್ಕೊಂಡು ಒಂದಿಡೀ ವರ್ಷ ಬರೆದದ್ದನ್ನು ಕೊನೆಗೆ ಹೊಡೆದುಹಾಕ್ಬೇಕಾಯ್ತು. ಅದಕ್ಕೇ ಹೇಳೋದು, ಒಬ್ಬರಿಗೆ ಒಂದು ಪುಟ, ಮೇಲೆ ಮನೆ ಹೆಸರು, ಅದರ ಕೆಳಗೆ ವ್ಯಕ್ತಿ ಹೆಸರು, ಮತ್ತೆ ಅಪ್ಪ ಅಮ್ಮ, ಮದುವೆ ಆದ ಮನೆ, ಮತ್ತು ಈ ಮಾತು ಯಾರು ಹೇಳಿದ್ದು, ಯಾವ ತಾರೀಕಿಗೆ ಹೇಳಿದ್ದು. ಕೊನೇದನ್ನು ಬಿಡ್ಲೇಬೇಡಿ, ನಾಳೆ ಇಬ್ಬರು ಬೇರೆ ಬೇರೆ ಹೇಳಿದಾಗ ಅದೊಂದೇ ಕೈ ಹಿಡಿಯೋದು.

ಬಂಟರು, ಬಿಲ್ಲವರು ಹೀಗೆ ಅಳಿಯಸಂತಾನದ ಕುಟುಂಬ ಆದ್ರೆ ಅಪ್ಪನಿಂದ ಶುರು ಮಾಡ್ಬೇಡಿ. ಬಳಿ, ಅಂದ್ರೆ ಕುಲದ ಹೆಸರು, ಬರೋದು ತಾಯಿಂದ, ಯಜಮಾನಿಕೆ ಹೋಗ್ತಾ ಇದ್ದದ್ದು ಸೋದರಮಾವನಿಂದ ಸೋದರಳಿಯನಿಗೆ, ಹಾಗಾಗಿ ಮರದ ಬೇರಲ್ಲಿ ಒಬ್ಬ ಅಜ್ಜಿ ಇರ್ಬೇಕು. ಇಂಥ ಮನೆಗಳಿಗೆ ದೊಡ್ಡ ಆಧಾರ ಅಂದ್ರೆ ಪಾಲುಪಟ್ಟಿ, ಕುಟುಂಬದ ಆಸ್ತಿ ಪಾಲು ಮಾಡಿದ ಪತ್ರ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಲ್ಲಿ ಕವರುಗಳಿಗೆ, ಅಂದ್ರೆ ಒಬ್ಬ ಹೆಂಗಸಿನಿಂದ ಇಳಿದು ಬಂದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಬಂತು, ಆಮೇಲಿನ ಪಾಲುಪಟ್ಟಿಯಲ್ಲಿ ಕವರು ಕವರಾಗಿ ಹೆಂಗಸರು, ಮಕ್ಕಳು ಎಲ್ಲರ ಹೆಸರು ಪ್ರಾಯ ಸಮೇತ ಸಿಗ್ಬಹುದು. ಮನೇಲಿ ಪ್ರತಿ ಇಲ್ಲದಿದ್ರೆ ದಸ್ತಾವೇಜಿನ ನಂಬರು, ವರ್ಷ ಹುಡುಕಿ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನಕಲು ಕೇಳಿ.

ಶ್ರಾದ್ಧ ಮಾಡುವ ಮನೆಯವರಿಗೆ ಇನ್ನೊಂದು ದಾರಿ ಉಂಟು. ಅಪ್ಪ, ಅಜ್ಜ, ಮುತ್ತಜ್ಜ ಅಂತ ಮೂರು ತಲೆಮಾರಿನ ಹೆಸರು, ಗೋತ್ರ ಹೇಳ್ತಾರಲ್ಲ, ನಿಮ್ಮ ಅಪ್ಪ ಹೇಳುವ ಮೂರು, ಅವರ ಅಪ್ಪ ಹೇಳ್ತಾ ಇದ್ದ ಮೂರು ಯಾರಿಗಾದ್ರೂ ನೆನಪಿದ್ರೆ ಅದು, ಹೀಗೆ ಜೋಡಿಸಿದ್ರೆ ಯಾವ ಕಾಗದವೂ ಇಲ್ಲದೆ ಐದಾರು ತಲೆಮಾರು ಹಿಂದೆ ಹೋಗ್ಲಿಕ್ಕಾಗ್ತದೆ.

ಈಗ ವರ್ಷದ ವಿಷಯ, ತಲೆನೋವು ಇರೋದೇ ಇಲ್ಲಿ. ಹಿರಿಯರು ಇಸವಿ ಹೇಳೋದಿಲ್ಲ, ಸಂವತ್ಸರ ಹೇಳ್ತಾರೆ. ಪ್ಲವಂಗ ಅಂದ್ರೆ 1907–08 ಕೂಡ ಆಗ್ತದೆ, 1967–68 ಕೂಡ ಆಗ್ತದೆ, ಅರುವತ್ತು ವರ್ಷಕ್ಕೊಮ್ಮೆ ಅದೇ ಹೆಸರು ತಿರುಗಿ ಬರ್ತದೆ. ಆಗ ಜೊತೆಗೆ ಎಂತ ನಡೀತು ಅಂತ ಕೇಳಿ. ಮಂಗಳೂರಿಗೆ ರೈಲು ಬಂದ ವರ್ಷ ಅಂದ್ರೆ 1907, ನೇತ್ರಾವತಿಯ ದೊಡ್ಡ ನೆರೆ ಅಂದ್ರೆ 1923. ಹುಟ್ಟಿದ ತಿಂಗಳಿಗೆ ತುಳು ತಿಂಗಳ ಹೆಸರಲ್ಲಿ ಆಟಿಯಲ್ಲಾ ಸೋಣದಲ್ಲಾ ಅಂತ ಕೇಳಿದ್ರೆ ಕೂಡ್ಲೇ ಉತ್ತರ ಬರ್ತದೆ, ಜುಲೈ ಅಂತ ಕೇಳಿದ್ರೆ ಬರೋದಿಲ್ಲ. ಶಾಲೆ ಸರ್ಟಿಫಿಕೇಟಿನ ಜನ್ಮದಿನ ನಂಬ್ಬೇಡಿ, ಎಷ್ಟೋ ಜನರಿಗೆ ಅದು ಸೇರಿಸುವ ದಿನ ಮಾಸ್ಟ್ರು ಅಂದಾಜಿಗೆ ಹಾಕಿದ ತಾರೀಕು, ಜಾತಕ ಸಿಕ್ಕಿದ್ರೆ ಅದೇ ಮೇಲು.

ತಾರೀಕೇ ಇಲ್ಲದ ಕಾಗದಕ್ಕೆ ವಿಳಾಸ ನೋಡಿ. ಸೌತ್ ಕೆನರಾ (ದಕ್ಷಿಣ ಕನ್ನಡ) ಜಿಲ್ಲೆ ಅಂತ ಇದ್ರೆ ಸಾಮಾನ್ಯವಾಗಿ 1956 ನವೆಂಬರ್ 1ಕ್ಕಿಂತ ಹಿಂದಿನದ್ದು, ಕಣ್ಣಾನೂರು ಜಿಲ್ಲೆ ಅಂತ ಇದ್ರೆ ಆಮೇಲಿನದ್ದು, ಕಾಸರಗೋಡು ಜಿಲ್ಲೆ ಅಂತ ಇದ್ರೆ 1984 ಮೇ ನಂತರದ್ದು. ಆ 1956ರಲ್ಲಿ ನಮ್ಮ ಊರು ಕೇರಳಕ್ಕೆ ಹೋದ ಮೇಲೆ ದಾಖಲೆಯ ಭಾಷೆಯೂ ನಿಧಾನ ಬದಲಾಯ್ತು, ಅಜ್ಜನ ಕಾಲದ ಮೂಲಗೇಣಿ ಚೀಟು (ಕಾಯಂ ಗೇಣಿಯ ಪತ್ರ) ಕನ್ನಡದಲ್ಲಿ, ಅದೇ ಜಾಗದ ಈಗಿನ ರಶೀದಿ ಮಲಯಾಳದಲ್ಲಿ. ಮಕ್ಕಳಿಗೆ ಅದು ಓದ್ಲಿಕ್ಕೆ ಬಂದ್ರೆ ಇದು ಬರೋದಿಲ್ಲ. ನನಗೆ ಈ ವಿಷಯದಲ್ಲಿ ತುಂಬಾ ಬೇಸರ ಉಂಟು, ಅದಕ್ಕೇ ಸಿಕ್ಕಿದ ಪ್ರತಿ ಹಳೇ ಕಾಗದವನ್ನೂ ಈಗಿನ ಕನ್ನಡದಲ್ಲಿ ಪೂರ್ತಿ ಬರೆದಿಡ್ತೇನೆ, ಸಾರಾಂಶ ಅಲ್ಲ, ಪೂರ್ತಿ. ಮಲಯಾಳ ಕಾಗದದಲ್ಲಿ ಕೊಲ್ಲವರ್ಷ, ಅಂದ್ರೆ ಮಲಯಾಳ ಪಂಚಾಂಗದ ವರ್ಷ, ಇದ್ರೆ ಇಸವಿಗೆ ತರ್ಲಿಕ್ಕೆ 825 ಕೂಡಿಸಿ, ಚಿಂಗದಿಂದ (ಆಗಸ್ಟ್ ನಡುವಿಂದ) ಡಿಸೆಂಬರ್ ಕೊನೆವರೆಗಿನದ್ದಾದ್ರೆ 824.

ಇಡೋದು ಹೇಗೆ ಅಂದ್ರೆ, ಅಟ್ಟದಲ್ಲಿ ಮಾತ್ರ ಬೇಡ, ಒಂದು ಮಳೆಗಾಲ ಸಾಕು ಬೂಷ್ಟು ಹಿಡೀಲಿಕ್ಕೆ. ಲ್ಯಾಮಿನೇಶನ್ ಮಾಡಿಸ್ಬೇಡಿ, ಮತ್ತೆ ಬಿಡಿಸ್ಲಿಕ್ಕೆ ಆಗೋದಿಲ್ಲ. ಬಿಸಿಲಿರುವಾಗ ನೆರಳಲ್ಲಿ ಹರಡಿ ಫೋಟೋ ತೆಗೀರಿ, ಫೈಲಿಗೆ ವರ್ಷ, ಮನೆ ಹೆಸರು, ಎಂತ ಕಾಗದ ಅಂತ ಹೆಸರು ಕೊಡಿ, ಬೇರೆ ಊರಲ್ಲಿರುವ ಒಬ್ಬರ ಹತ್ರ ಇನ್ನೊಂದು ಪ್ರತಿ ಇರ್ಲಿ. ಬದುಕಿರುವವರ ಜನ್ಮದಿನ, ಜಾಗದ ವಿವರ ಎಲ್ಲ ಫ್ಯಾಮಿಲಿ ಗ್ರೂಪಿಗೆ ಹಾಕ್ಲಿಕ್ಕೆ ಹೋಗ್ಬೇಡಿ.

ಮತ್ತೆ ಹೆಂಗಸರು. ಕಾಗದದಲ್ಲಿ ಇಂಥವರ ಹೆಂಡತಿ ಅಂತ ಮಾತ್ರ ಇರ್ತದೆ, ಕೆಲವು ಸಮುದಾಯಗಳಲ್ಲಿ ಮದುವೆಯಲ್ಲಿ ಹೆಸರೇ ಬದಲಾಗ್ತಾ ಇತ್ತು. ಅವರ ತವರು ಯಾವುದು ಅಂತ ಕೇಳಿ, ಆ ಮನೆಗೇ ಹೋಗಿ, ಪೆರ್ಲವೋ ಬಾಯಾರೋ ಮುಳ್ಳೇರಿಯವೋ ಎಷ್ಟು ದೂರ ಆದ್ರೂ ಒಂದು ದಿನದ ದಾರಿ. ನನ್ನ ಮುತ್ತಜ್ಜಿಯ ಹುಟ್ಟಿದ ಹೆಸರು ಸಿಕ್ಕಿದ್ದು ಹಾಗೆ, ತವರಿನ ಗೋಡೆಯಲ್ಲಿದ್ದ ಒಂದು ಗ್ರೂಪ್ ಫೋಟೋದಿಂದ. ಅಂಥ ಫೋಟೋ ಸಿಕ್ಕಿದ್ರೆ ಮುಖ ಗುರುತಿಸುವವರ ಹತ್ರ ಎಡದಿಂದ ಬಲಕ್ಕೆ ಕೇಳಿ ಹಿಂಬದಿ ಪೆನ್ಸಿಲಲ್ಲಿ ಮೆಲ್ಲಗೆ ಬರೀರಿ, ಬಾಲ್‌ಪೆನ್ ಬೇಡ, ಒತ್ತಿದ ಗೆರೆ ಎದುರಿನ ಮುಖದ ಮೇಲೆ ಎದ್ದು ಕಾಣ್ತದೆ.