ತಲೆಮಾರಿಗೆ ದಾಟುವ ವಂಶವಾಹಿ ತಿದ್ದುಪಡಿ: ನಿಯಂತ್ರಣದ ಕರಡು ರೂಪಿಸುವ ಬಗೆ

ಮನುಷ್ಯ ಭ್ರೂಣದ ವಂಶವಾಹಿಯಲ್ಲಿ ಮಾಡಿದ ತಿದ್ದುಪಡಿಯು ಹುಟ್ಟುವ ಮಗುವಿನಲ್ಲೇ ನಿಲ್ಲದೆ ಅದರ ಮಕ್ಕಳು ಮೊಮ್ಮಕ್ಕಳಿಗೂ ಸಾಗಬಲ್ಲದು. ಇದನ್ನು ನಿಯಂತ್ರಿಸುವ ಕರಡನ್ನು ಬರೆಯುವವರಾಗಲಿ, ಅದಕ್ಕೆ ಆಕ್ಷೇಪಣೆ ಸಲ್ಲಿಸುವ ನಾಗರಿಕರಾಗಲಿ ಮೊದಲು ವ್ಯಾಖ್ಯೆಯ ಕಲಮನ್ನು ಬಿಗಿಗೊಳಿಸಬೇಕು. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ಒಪ್ಪಿಗೆ ನೀಡಿದ ಕ್ಯಾಸ್ಜೆವಿ ಚಿಕಿತ್ಸೆಯಲ್ಲಿ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತಕಾಯಿಲೆಯ ರೋಗಿಯಿಂದ ರಕ್ತದ ಆಕರಕೋಶಗಳನ್ನು (ಸ್ಟೆಮ್ ಸೆಲ್) ಹೊರತೆಗೆದು, ವಂಶವಾಹಿಯನ್ನು ಬೇಕಾದಲ್ಲಿ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ತಿದ್ದಿ, ಮತ್ತೆ ಅದೇ ರೋಗಿಗೆ ಸೇರಿಸುತ್ತಾರೆ. ಆ ಬದಲಾವಣೆ ಸಂತಾನಕ್ಕೆ ಹೋಗುವುದಿಲ್ಲ. ಚಾಮರಾಜನಗರ, ಮೈಸೂರು, ಕೊಡಗಿನ ಬುಡಕಟ್ಟು ಸಮುದಾಯಗಳಲ್ಲಿ ಈ ಕಾಯಿಲೆ ಇರುವುದರಿಂದ, ‘ವಂಶವಾಹಿ ತಿದ್ದುಪಡಿಯನ್ನು ನಿಷೇಧಿಸಲಾಗಿದೆ’ ಎಂಬ ಸಡಿಲ ವಾಕ್ಯವೊಂದು ನಾಳೆ ಅವರಿಗೆ ದೊರೆಯಬೇಕಾದ ಚಿಕಿತ್ಸೆಗೇ ಅಡ್ಡಿಯಾದೀತು.

ಎರಡನೆಯದಾಗಿ, ಯಾವ ಕ್ರಿಯೆ ಅಪರಾಧವೆಂದು ನಿಖರವಾಗಿ ಹೇಳಬೇಕು. ತಿದ್ದಿದ ಭ್ರೂಣವನ್ನು ಗರ್ಭಾಶಯಕ್ಕೆ ವರ್ಗಾಯಿಸುವುದೇ ಆ ಕ್ರಿಯೆ ಎಂಬುದು ನನ್ನ ದೃಢ ಅಭಿಪ್ರಾಯ. ಗರ್ಭಕ್ಕೆ ಸೇರದ ಭ್ರೂಣದ ಮೇಲೆ, ಹಲವು ದೇಶಗಳು ಪಾಲಿಸುವ, ಫಲೀಕರಣದಿಂದ 14 ದಿನಗಳ ಮಿತಿಯೊಳಗೆ, ಅನುಮತಿ ಪಡೆದು ನಡೆಸುವ ಸಂಶೋಧನೆಯನ್ನು ಇದರಿಂದ ಪ್ರತ್ಯೇಕವಾಗಿ ನೋಡಬೇಕು.

ಕ್ರಿಯೆಯನ್ನು ಹೆಸರಿಸಿ ಶಿಕ್ಷೆಯನ್ನು ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ಪ್ರಕರಣವನ್ನು ವಿವರವಾಗಿ ಓದಬೇಕು. ಅಂಥ ವರ್ಗಾವಣೆ ಕೂಡದೆಂಬ ಮಾರ್ಗಸೂಚಿ ಅಲ್ಲಿ 2003ರಿಂದಲೇ ಇತ್ತು, ಆದರೆ ಅದಕ್ಕೆ ಕ್ರಿಮಿನಲ್ ಶಿಕ್ಷೆಯ ಬಲವಿರಲಿಲ್ಲ. ತಂದೆಗೆ ಎಚ್‌ಐವಿ ಇದ್ದ ದಂಪತಿಗಳನ್ನು ಆರಿಸಿ, ಭ್ರೂಣಗಳಲ್ಲಿ, ಎಚ್‌ಐವಿ ಕೋಶದೊಳಗೆ ನುಗ್ಗಲು ನೆರವಾಗುವ ಸಿಸಿಆರ್5 ವಂಶವಾಹಿಯನ್ನು ತಿದ್ದಿದ ಅವರು, ಅವಳಿ ಹೆಣ್ಣುಮಕ್ಕಳು ಹುಟ್ಟಿದ ಸುದ್ದಿ 2018ರ ನವೆಂಬರ್‌ನಲ್ಲಿ ಹೊರಬಿದ್ದ ಬಳಿಕ ಹಾಂಗ್‌ಕಾಂಗ್ ಸಮಾವೇಶದಲ್ಲಿ ಅದನ್ನು ಸಮರ್ಥಿಸಿಕೊಂಡರು. ವೀರ್ಯವನ್ನು ತೊಳೆದು ಬಳಸುವ ಹಳೆಯ ವಿಧಾನದಿಂದಲೇ ಸೋಂಕು ತಗಲದಂತೆ ತಡೆಯಬಹುದಿತ್ತು. ದಂಪತಿಗಳು ಸಹಿ ಹಾಕಿದ ಒಪ್ಪಿಗೆ ಪತ್ರದಲ್ಲಿ ಯೋಜನೆಯನ್ನು ಏಡ್ಸ್ ಲಸಿಕೆ ಅಭಿವೃದ್ಧಿ ಎಂದು ಬಣ್ಣಿಸಲಾಗಿತ್ತು. ನೈತಿಕ ಸಮಿತಿಯ ಅನುಮೋದನೆ ಪತ್ರ ನಕಲಿಯೆಂದು ತನಿಖೆಯಲ್ಲಿ ಕಂಡುಬಂತು. 2019ರ ಡಿಸೆಂಬರ್‌ನಲ್ಲಿ ಶೆನ್‌ಜೆನ್‌ನ ನ್ಯಾಯಾಲಯ ಮೂರು ವರ್ಷ ಸೆರೆವಾಸ ಮತ್ತು 30 ಲಕ್ಷ ಯುವಾನ್ ದಂಡ ವಿಧಿಸಿತಾದರೂ, ಆರೋಪ ಅಕ್ರಮ ವೈದ್ಯವೃತ್ತಿಯದ್ದಾಗಿತ್ತು, ಏಕೆಂದರೆ ತಿದ್ದಿದ ಭ್ರೂಣದ ವರ್ಗಾವಣೆಯನ್ನೇ ಅಪರಾಧವೆಂದ ಕಲಂ ಚೀನಾದ ಕ್ರಿಮಿನಲ್ ಕಾನೂನಿನಲ್ಲಿ ಜಾರಿಗೆ ಬಂದದ್ದು 2021ರ ಮಾರ್ಚ್‌ನಲ್ಲಿ.

ಹಾಗಾಗಿ ಒಪ್ಪಿಗೆ ಪತ್ರವನ್ನೂ ನೈತಿಕ ಸಮಿತಿಯ ಪತ್ರವನ್ನೂ ಅರ್ಜಿದಾರರ ಕೈಯಿಂದ ಪಡೆಯದೆ, ನಿಯಂತ್ರಕರು ಸಮಿತಿಯಿಂದ ನೇರವಾಗಿ ತರಿಸಿಕೊಂಡು ತಾಳೆ ನೋಡಬೇಕೆಂದು ಕರಡಿನಲ್ಲಿ ಬರೆಯಿರಿ.

ಭಾರತದಲ್ಲಿ 2019ರ ಜೀನ್ ಚಿಕಿತ್ಸಾ ಮಾರ್ಗಸೂಚಿಗಳು ಸಂತಾನಕ್ಕೆ ಸಾಗುವ ತಿದ್ದುಪಡಿಯನ್ನು ನಿಷೇಧಿಸಿವೆ. ಮಾರ್ಗಸೂಚಿಯು ಕಾಯ್ದೆಗೆ ಸಮನಲ್ಲ. ನಿಷೇಧವನ್ನು 2021ರ ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆಯಡಿ ಐವಿಎಫ್ ಕ್ಲಿನಿಕ್‌ಗಳು ಪಡೆಯಬೇಕಾದ ನೋಂದಣಿಗೆ ಜೋಡಿಸುವುದು ಸೂಕ್ತ. ಭ್ರೂಣಲಿಂಗ ಪತ್ತೆ ತಡೆಗೆ 1994ರಿಂದ ಕಾಯ್ದೆ ಇದ್ದರೂ, ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಯುತ್ತಿದ್ದುದು 2023ರಲ್ಲಿ ಬಯಲಾಯಿತು. ಕೈಯಲ್ಲಿ ಹೊತ್ತೊಯ್ಯಬಹುದಾದ ಯಂತ್ರದ ಮೇಲೆ ಕಣ್ಣಿಡುವುದು ಅಷ್ಟು ಕಷ್ಟ. ಭ್ರೂಣ ಬೆಳೆಸಲು ಇನ್‌ಕ್ಯುಬೇಟರ್, ಸೂಕ್ಷ್ಮ ಚುಚ್ಚುಮದ್ದಿನ ಉಪಕರಣ, ನುರಿತ ಭ್ರೂಣತಜ್ಞರು ಬೇಕಾಗುವುದರಿಂದ ಇಲ್ಲಿ ಕ್ಲಿನಿಕ್ಕೇ ಕಾವಲಿನ ಜಾಗ. ಪ್ರತಿ ಭ್ರೂಣದ ದಾಖಲೆಯನ್ನು ಮುನ್ಸೂಚನೆಯಿಲ್ಲದೆ ಪರಿಶೀಲಿಸುವ ಅಧಿಕಾರವನ್ನೂ, ಅಕ್ರಮವನ್ನು ತಿಳಿಸುವ ಸಿಬ್ಬಂದಿಗೆ ರಕ್ಷಣೆಯನ್ನೂ ಕಾಯ್ದೆಯಲ್ಲೇ ಬರೆಯಬೇಕು.

ನಿಷೇಧ ಎಂದಾದರೂ ಸಡಿಲಗೊಳ್ಳುವುದಾದರೆ ಬ್ರಿಟನ್ನಿನ ಮೈಟೊಕಾಂಡ್ರಿಯಾ ದಾನದ (ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ ತಾಯಿಯಲ್ಲಿ ದೋಷಯುಕ್ತವಾಗಿದ್ದರೆ ದಾನಿಯ ಅಂಡದ್ದನ್ನು ಬಳಸುವ ವಿಧಾನದ) ಕ್ರಮ ಅನುಸರಿಸಲು ಯೋಗ್ಯ. ಅಲ್ಲಿ 2015ರಲ್ಲಿ ಸಂಸತ್ತು ನಿಯಮಗಳನ್ನು ಅಂಗೀಕರಿಸಿತು, ಬಳಿಕ ಕ್ಲಿನಿಕ್‌ಗೆ ಪರವಾನಗಿ ನೀಡಲಾಯಿತು, ಅದಾದ ಮೇಲೂ ಪ್ರತಿ ಪ್ರಕರಣಕ್ಕೆ ನಿಯಂತ್ರಣ ಪ್ರಾಧಿಕಾರ ಬೇರೆಯಾಗಿಯೇ ಅನುಮತಿ ಕೊಡುತ್ತದೆ; ಈ ವಿಧಾನದಿಂದ ಎಂಟು ಮಕ್ಕಳು ಹುಟ್ಟಿದ ವರದಿ ಬಂದದ್ದು 2025ರಲ್ಲಿ. ಇಷ್ಟು ನಿಧಾನವೇ ಇಲ್ಲಿ ಸರಿ. ಅರ್ಜಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಕಾಯಿಲೆಯಿಲ್ಲದ ಭ್ರೂಣವನ್ನು ಪರೀಕ್ಷಿಸಿ ಆರಿಸುವ ದಾರಿ ಈ ದಂಪತಿಗೆ ಇದೆಯೇ ಎಂಬುದು. ಬಹುತೇಕರಿಗೆ ಇದೆ, ಇಬ್ಬರಿಗೂ ಸಿಕಲ್ ಸೆಲ್ ಕಾಯಿಲೆಯಿದ್ದು, ಎಲ್ಲ ಮಕ್ಕಳಿಗೂ ಅದು ಬರುವಂಥ ವಿರಳ ಸಂದರ್ಭದಲ್ಲಷ್ಟೇ ಇರುವುದಿಲ್ಲ. ಎತ್ತರ, ಬಣ್ಣ, ಬುದ್ಧಿಶಕ್ತಿಗೆ ಸಂಬಂಧಿಸಿದ ಅರ್ಜಿಗಳನ್ನು ಪರಿಗಣಿಸುವ ಅಧಿಕಾರವನ್ನೇ ಸಮಿತಿಗೆ ಕೊಡಬಾರದು.

ಕೊನೆಯ ಕಲಂ ಹುಟ್ಟಿದ ಮಕ್ಕಳದ್ದು, ಕರಡುಗಳಲ್ಲಿ ಸುಲಭವಾಗಿ ಬಿಟ್ಟುಹೋಗುವುದೂ ಇದೇ. ಕಾನೂನು ಮೀರಿ ಹುಟ್ಟಿದರೂ ಮಗುವಿನ ಹಕ್ಕುಗಳಿಗೆ ಕುಂದಾಗಬಾರದು; ಜೀವನಪೂರ್ತಿ ಆರೋಗ್ಯ ತಪಾಸಣೆಯ ವೆಚ್ಚ ತಪ್ಪಿತಸ್ಥರ ದಂಡದಿಂದ ಅಥವಾ ಸರ್ಕಾರದಿಂದ ಬರಬೇಕು; ಹೆಸರು ಗೋಪ್ಯವಾಗಿರಬೇಕು; ಹದಿನೆಂಟು ತುಂಬಿದ ಮೇಲೆ ತಪಾಸಣೆಯಿಂದ ಹಿಂದೆ ಸರಿಯುವ ಸ್ವಾತಂತ್ರ್ಯವೂ ಅವರಿಗಿರಬೇಕು.