ಬೇಕಲ ಬೀಚಿನಲ್ಲಿ ಸೌರಮಂಡಲ ಮಾಡೋದು ಹೇಗೆ

ಗ್ರಹಗಳ ಹೆಸರು ಬಾಯಿಪಾಠ ಮಾಡಿಸಿದ್ದು ಸಾಕು, ಒಂದು ಸಂಜೆ ಮಕ್ಕಳನ್ನು ಬೇಕಲ ಬೀಚಿಗೆ ಕರ್ಕೊಂಡು ಹೋಗಿ. ಸುಲಿದ ತೆಂಗಿನಕಾಯಿ ಒಂದಿರಲಿ, ಜುಟ್ಟು ಸೇರಿ ಸುಮಾರು 14 ಸೆಂಟಿಮೀಟರ್ ಇದ್ದರೆ ಸರಿ. ಅದೇ ಸೂರ್ಯ. ಇಲ್ಲಿ 1 ಸೆಂಟಿಮೀಟರ್ ಅಂದ್ರೆ 1 ಲಕ್ಷ ಕಿಲೋಮೀಟರ್. ಎಲ್ಲ ದೂರವನ್ನೂ ತೆಂಗಿನಕಾಯಿಯಿಂದಲೇ ಅಳೀಬೇಕು: ಬುಧ 6 ಮೀಟರ್ ದೂರ, ಶುಕ್ರ 11. ಭೂಮಿ 15 ಮೀಟರಿನಲ್ಲಿ, ಅದೂ ಒಂದು ಸಣ್ಣ ಸಾಸಿವೆ ಕಾಳು ಅಷ್ಟೇ! ಮರಳಲ್ಲಿ ಬಿದ್ರೆ ಸಿಗಲ್ಲ, ಮೊದಲೇ ಬಿಳಿ ಕಾಗದಕ್ಕೆ ಅಂಟಿಸಿಕೊಳ್ಳಿ. ಮಂಗಳ 23. ಗುರುವಿಗೆ ಗೋಲಿ ಬೇಕು, 78 ಮೀಟರ್ ನಡೀಬೇಕು. ಶನಿ 143, ಯುರೇನಸ್ 287. ನೆಪ್ಚೂನ್ ಒಂದು ಕರಿಮೆಣಸು, ಅದನ್ನು ಹಿಡಿದ ಮಗು 450 ಮೀಟರ್ ಆಚೆ ನಿಲ್ಲಬೇಕು, ಅಷ್ಟು ದೂರ ಒಬ್ಬನೇ ಬೇಡ, ದೊಡ್ಡವರೊಬ್ಬರು ಜೊತೆಗಿರಿ. ಮತ್ತೆ, ನಿಜವಾದ ಸೂರ್ಯನನ್ನು ನೇರವಾಗಿ ನೋಡಲು ಬಿಡಬೇಡಿ, ಕಣ್ಣು ಹಾಳಾಗುತ್ತದೆ.